ವಿಧಿ, ನುಡಿ ಮತ್ತು ಎಂಟು ಮಣಿಗಳು: ‘ಹಕ್ಕೆಂದೆನ್’ ಅನಿಮೆ ಸರಣಿಯ ವಿವೇಚನೆ

೧. ಪೀಠಿಕೆ

ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕುಲಗಳಲ್ಲಿ ಹುಟ್ಟಿದ ಕೆಲವರು ಒಬ್ಬರನ್ನೊಬ್ಬರು ಅರಿಯದೆ ಬೆಳೆದು, ಕೊನೆಗೆ ಯಾವುದೋ ಅಗೋಚರ ಸೂತ್ರದಿಂದ ಒಂದೇ ಕಾರ್ಯಕ್ಕಾಗಿ ಕೂಡಿಬರುವ ಕಥಾವಿನ್ಯಾಸವು ಏಷ್ಯಾದ ಸಾಹಿತ್ಯಗಳಲ್ಲಿ ಪ್ರಾಚೀನವಾದುದು. ಜಪಾನಿನ ಸಚೇತನ ಚಿತ್ರಮಾಧ್ಯಮವಾದ ‘ಅನಿಮೆ’ಯು ಈ ವಿನ್ಯಾಸವನ್ನು ವಿಪುಲವಾಗಿ ಬಳಸಿಕೊಂಡಿದೆ. ಅಂತಹ ಕೃತಿಗಳಲ್ಲಿ ಎ.ಐ.ಸಿ. ಎಂಬ ಚಿತ್ರನಿರ್ಮಾಣ ಸಂಸ್ಥೆಯು ಎರಡು ಭಾಗಗಳಲ್ಲಿ ಹೊರತಂದ ‘ದಿ ಹಕ್ಕೆಂದೆನ್’ ಸರಣಿಗೆ ವಿಶಿಷ್ಟವಾದ ಸ್ಥಾನವಿದೆ. ಇದರ ಮೊದಲ ಭಾಗದ ಆರು ಕಂತುಗಳು 1990-91ರಲ್ಲಿಯೂ ಎರಡನೆಯ ಭಾಗದ ಏಳು ಕಂತುಗಳು 1993ರಿಂದ 1995ರ ಅವಧಿಯಲ್ಲಿಯೂ ಪ್ರಕಟಗೊಂಡವು. ಚಿತ್ರಮಂದಿರಕ್ಕಾಗಲಿ ದೂರದರ್ಶನಕ್ಕಾಗಲಿ ಅಲ್ಲದೆ, ನೇರವಾಗಿ ವಿಡಿಯೊ ಕ್ಯಾಸೆಟ್ ರೂಪದಲ್ಲಿ ಮಾರಾಟಕ್ಕೂ ಬಾಡಿಗೆಗೂ ಬಂದ ಪ್ರಕಾರ ಇದು. ಜಪಾನಿನಲ್ಲಿ ಈ ಪ್ರಕಾರವು 1983ರಲ್ಲಿ ಆರಂಭವಾಯಿತು.

ಈ ಸರಣಿಗೆ ಆಧಾರವಾದುದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಬೃಹತ್ ಗದ್ಯಕಥನವಾದ ‘ನಾನ್ಸೋ ಸಾತೊಮಿ ಹಕ್ಕೆಂದೆನ್’. ಶೀರ್ಷಿಕೆಯನ್ನು ಸ್ಥೂಲವಾಗಿ ‘ದಕ್ಷಿಣ ಬೋಸೊ ಪ್ರಾಂತದ ಸಾತೊಮಿ ವಂಶದ ಎಂಟು ನಾಯಿಗಳ ಚರಿತೆ’ ಎಂದು ಹೇಳಬಹುದು. ಯೋಧರನ್ನು ‘ನಾಯಿಗಳು’ ಎಂದು ಕರೆಯುವ ಈ ವಿಲಕ್ಷಣ ಹೆಸರಿನಲ್ಲಿಯೇ ಕೃತಿಯ ಮೂಲ ಸಮಸ್ಯೆಯ ಬೀಜವಿದೆ. ಮನುಷ್ಯರನ್ನು ಒಂದುಗೂಡಿಸುವ ವಿಧಿ ಎಂದರೆ ಯಾವುದು? ಅದು ದೈವದ ಸಂಕಲ್ಪವೇ, ಹಿಂದಿನವರ ತಪ್ಪಿನ ಫಲವೇ, ಅಥವಾ ಆಡಿದ ಮಾತಿನ ಪರಿಣಾಮವೇ? ಆ ವಿಧಿಯ ಬೆಲೆಯನ್ನು ತೆರುವವರು ಯಾರು? ಮೂಲಕೃತಿ ಮತ್ತು ಅನಿಮೆ ಈ ಪ್ರಶ್ನೆಗಳನ್ನು ಎದುರಿಸುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

೨. ಮೂಲಕೃತಿ ಮತ್ತು ಕರ್ತೃ

ಮೂಲಕೃತಿಯ ಕರ್ತೃ ಕ್ಯೋಕುತೆಯ್ ಬಾಕಿನ್ (1767-1848). ತಕಿಜಾವಾ ಬಾಕಿನ್ ಎಂಬ ಹೆಸರಿನಿಂದಲೂ ಈತ ಪ್ರಸಿದ್ಧ. ಕೆಳದರ್ಜೆಯ ಸಮುರಾಯ್ ಮನೆತನದಲ್ಲಿ ಹುಟ್ಟಿದ ಬಾಕಿನ್, ಎದೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೊದಲ್ಲಿ, ಲೇಖನ ವೃತ್ತಿಯನ್ನೇ ನೆಚ್ಚಿ ಬದುಕಿದ ಮೊದಲಿಗರಲ್ಲಿ ಒಬ್ಬ. 1814ರಲ್ಲಿ ಆರಂಭಗೊಂಡ ‘ಹಕ್ಕೆಂದೆನ್’ ಮುಗಿದದ್ದು 1842ರಲ್ಲಿ. ಇಪ್ಪತ್ತೆಂಟು ವರ್ಷಗಳ ಈ ಅವಧಿಯಲ್ಲಿ ಅದು 106 ಹೊತ್ತಗೆಗಳಷ್ಟು ಬೆಳೆಯಿತು.

ಕೃತಿಯ ರಚನೆಯ ಕಥೆಯೂ ಕೃತಿಯಷ್ಟೇ ಕರುಣಾಜನಕವಾದುದು. 1830ರ ದಶಕದಲ್ಲಿ ಬಾಕಿನ್‌ನ ದೃಷ್ಟಿ ಕ್ಷೀಣಿಸತೊಡಗಿತು. 1835ರಲ್ಲಿ ಮಗ ಸೋಹಾಕು ತೀರಿಕೊಂಡ. ಕೃತಿ ಮುಗಿಯುವ ಮುನ್ನವೇ ಬಾಕಿನ್ ಸಂಪೂರ್ಣ ಅಂಧನಾದ. ಕೊನೆಯ ಭಾಗವನ್ನು ಆತ ಹೇಳುತ್ತ ಹೋದಂತೆ ಬರೆದುಕೊಂಡವಳು ವಿಧವೆಯಾದ ಸೊಸೆ ಒಮಿಚಿ. ಆಕೆಗೆ ಚೀನೀ ಮೂಲದ ಕ್ಲಿಷ್ಟ ಲಿಪಿಚಿಹ್ನೆಗಳ ಪರಿಚಯ ಹೆಚ್ಚಾಗಿರಲಿಲ್ಲ. ಒಂದೊಂದು ಚಿಹ್ನೆಯ ರೂಪವನ್ನೂ ಮಾವನಿಂದ ಕೇಳಿ ಕಲಿಯುತ್ತಲೇ ಆಕೆ ಬರೆಯಬೇಕಾಯಿತು. ಪುರುಷರ ಶೌರ್ಯ ಮತ್ತು ಗುಣಗಳನ್ನು ಕೊಂಡಾಡುವ ಈ ಮಹಾಕಥನವು ಒಬ್ಬ ಸ್ತ್ರೀಯ ಮೌನ ಪರಿಶ್ರಮದಿಂದ ಪೂರ್ಣಗೊಂಡಿತೆಂಬುದು ಮುಂದಿನ ಚರ್ಚೆಯ ದೃಷ್ಟಿಯಿಂದ ಗಮನಾರ್ಹವಾದುದು.

ಬಾಕಿನ್‌ನ ಮುಖ್ಯ ಪ್ರೇರಣೆ ಚೀನಾದ ಪ್ರಸಿದ್ಧ ಕಾದಂಬರಿ ‘ಶುಯಿಹೂ ಜುವಾನ್’. ಅದರಲ್ಲಿ ಬಂಧಮುಕ್ತವಾದ 108 ನಕ್ಷತ್ರಶಕ್ತಿಗಳು 108 ವೀರರಾಗಿ ಹುಟ್ಟಿ ಒಂದು ಜವುಗು ಪ್ರದೇಶದಲ್ಲಿ ಕೂಡುತ್ತವೆ. ಈ ಕೃತಿಯನ್ನು ಜಪಾನಿ ಭಾಷೆಗೆ ತರುವ ಕಾರ್ಯದಲ್ಲಿ ಬಾಕಿನ್ ತೊಡಗಿದ್ದ. ಆ ಪ್ರಕಟಣೆಗೆ ಚಿತ್ರಗಳನ್ನು ಬರೆದವನು ಹೊಕುಸಾಯ್. ಆದರೆ ಚೀನೀ ಕಾದಂಬರಿಯ ವೀರರು ಬಹುಮಟ್ಟಿಗೆ ರಾಜ್ಯದ ಕಾನೂನಿಗೆ ಹೊರಗಾದವರು. ಬಾಕಿನ್‌ನ ವೀರರಾದರೋ ಎಂಟು ಸದ್ಗುಣಗಳ ಪ್ರತಿನಿಧಿಗಳು. ಒಳಿತನ್ನು ಪ್ರೋತ್ಸಾಹಿಸಿ ಕೆಡುಕನ್ನು ದಂಡಿಸುವುದು ಸಾಹಿತ್ಯದ ಧರ್ಮವೆಂಬ ಅಂದಿನ ನಿಲುವಿಗೆ ಬಾಕಿನ್ ನಿಷ್ಠನಾಗಿದ್ದ.

ಕಥೆಗೆ ಐತಿಹಾಸಿಕವಾದ ಚೌಕಟ್ಟೂ ಇದೆ. ಸಾತೊಮಿ ವಂಶವು ಅವಾ ಪ್ರಾಂತವನ್ನು, ಎಂದರೆ ಇಂದಿನ ಚಿಬಾ ಆಡಳಿತ ವಿಭಾಗದ ದಕ್ಷಿಣ ಭಾಗವನ್ನು, ವಾಸ್ತವವಾಗಿ ಆಳಿದ ಮನೆತನ. 1614ರಲ್ಲಿ ಸಾತೊಮಿ ತದಾಯೋಶಿ ತನ್ನ ನಾಡನ್ನು ಕಳೆದುಕೊಂಡು ದೂರದ ಹೋಕಿ ಪ್ರಾಂತಕ್ಕೆ ತೆರಳಬೇಕಾಯಿತು; 1622ರಲ್ಲಿ ಅಲ್ಲಿಯೇ ಮೃತನಾದ. ಒಡೆಯನನ್ನು ಹಿಂಬಾಲಿಸಿ ಎಂಟು ಮಂದಿ ಸೇವಕರು ಪ್ರಾಣತ್ಯಾಗ ಮಾಡಿದರೆಂಬ ಐತಿಹ್ಯವಿದೆ. ‘ಎಂಟು ಪ್ರಾಜ್ಞರು’ ಮತ್ತು ‘ಎಂಟು ನಾಯಿಗಳು’ ಎಂಬ ಎರಡು ಪದಗಳೂ ಜಪಾನಿನಲ್ಲಿ ‘ಹಕ್ಕೆನ್’ ಎಂದೇ ಉಚ್ಚಾರಗೊಳ್ಳುತ್ತವೆ. ಬಾಕಿನ್‌ನ ಕಲ್ಪನೆಗೆ ಈ ಶ್ಲೇಷೆಯೇ ಮೂಲವೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ನಾಡು ಕಳೆದುಕೊಂಡ ವಂಶಕ್ಕೆ, ಸರಿಯಾಗಿ ಎರಡು ಶತಮಾನಗಳ ತರುವಾಯ, ಕಥೆಯಲ್ಲಿ ವೈಭವ ಮರಳಿ ದೊರೆಯಿತು.

೩. ಶಾಪ, ವಾಗ್ದಾನ ಮತ್ತು ಬಿಡುಗಡೆ

ಎಂಟು ಯೋಧರ ಕಥೆ ಆರಂಭವಾಗುವುದು ಅವರ ಹುಟ್ಟಿಗಿಂತ ಬಹಳ ಹಿಂದೆ. 1441ರ ಯೂಕಿ ಕೋಟೆಯ ಯುದ್ಧದಲ್ಲಿ ಸೋತು ಪಾರಾದ ಸಾತೊಮಿ ಯೋಶಿಜಾನೆ ಅವಾ ಪ್ರಾಂತಕ್ಕೆ ಬಂದು ಅಲ್ಲಿನ ದುಷ್ಟ ಅಧಿಕಾರಿಯನ್ನು ಸೋಲಿಸುತ್ತಾನೆ. ಸೆರೆಸಿಕ್ಕ ತಮಾಜುಸಾ ಎಂಬ ಹೆಂಗಸಿಗೆ ಮೊದಲು ಜೀವದಾನದ ಭರವಸೆ ನೀಡಿ, ಅನಂತರ ಸಹಚರನ ಮಾತಿಗೆ ಒಪ್ಪಿ ಮರಣದಂಡನೆ ವಿಧಿಸುತ್ತಾನೆ. ಕೊಟ್ಟ ಮಾತನ್ನು ಹಿಂತೆಗೆದುಕೊಂಡ ಅರಸನಿಗೆ ತಮಾಜುಸಾ, ನಿನ್ನ ಸಂತತಿಯನ್ನು ಪಶುಮಾರ್ಗಕ್ಕೆ ಎಳೆದು ನಾಯಿಗಳನ್ನಾಗಿಸುವೆನೆಂದು ಶಪಿಸಿ ಸಾಯುತ್ತಾಳೆ.

ವರ್ಷಗಳು ಕಳೆದ ಮೇಲೆ ಅನ್ಜಾಯ್ ಕಾಗೆತ್ಸುರಾ ಎಂಬ ಶತ್ರು ಯೋಶಿಜಾನೆಯ ಕೋಟೆಯನ್ನು ಮುತ್ತುತ್ತಾನೆ. ಆಹಾರವೆಲ್ಲ ಮುಗಿದ ಹತಾಶೆಯಲ್ಲಿ ಯೋಶಿಜಾನೆ ಸಾಕುನಾಯಿ ಯಾತ್ಸುಫುಸಾನೊಡನೆ ಪರಿಹಾಸ್ಯಕ್ಕೆಂಬಂತೆ ಮಾತನಾಡಿ, ಶತ್ರುವಿನ ತಲೆಯನ್ನು ತಂದರೆ ಮಗಳನ್ನೇ ಕೊಡುವೆನೆನ್ನುತ್ತಾನೆ. ನಾಯಿ ತಲೆಯನ್ನು ಕಚ್ಚಿ ತರುತ್ತದೆ. ಅರಸನಿಗೆ ಮಾತಿನಿಂದ ನುಣುಚಿಕೊಳ್ಳುವ ಆಸೆ. ಆದರೆ ಮಗಳು ಫುಸೆಹಿಮೆ ಒಪ್ಪುವುದಿಲ್ಲ. ಅರಸನ ನುಡಿಗೆ ಬೆಲೆಯಿಲ್ಲದಿದ್ದರೆ ನಾಡಿನಲ್ಲಿ ಯಾವ ಶಾಸನಕ್ಕೂ ಬೆಲೆಯಿರದೆಂಬುದು ಆಕೆಯ ವಾದದ ಸಾರ. ಆಕೆ ನಾಯಿಯೊಡನೆ ತೋಯಾಮಾ ಬೆಟ್ಟದ ಗುಹೆಗೆ ತೆರಳುತ್ತಾಳೆ.

ಇಲ್ಲಿಂದ ಕಥೆಗೆ ಬೌದ್ಧ ಆಯಾಮ ಒದಗುತ್ತದೆ. ಫುಸೆಹಿಮೆ ಗುಹೆಯಲ್ಲಿ ಪ್ರತಿದಿನ ‘ಸದ್ಧರ್ಮಪುಂಡರೀಕ ಸೂತ್ರ’ವನ್ನು ಪಠಿಸುತ್ತಾಳೆ. ನಾಗರಾಜನ ಮಗಳು ಬುದ್ಧತ್ವವನ್ನು ಪಡೆದ ಪ್ರಸಂಗವಿರುವ ಈ ಸೂತ್ರವು, ಸ್ತ್ರೀಗೂ ಮನುಷ್ಯೇತರ ಜೀವಿಗೂ ಬಿಡುಗಡೆ ಸಾಧ್ಯವೆಂಬುದಕ್ಕೆ ಪೂರ್ವ ಏಷ್ಯಾದಲ್ಲಿ ಬಹುಮಾನ್ಯವಾದ ಪ್ರಮಾಣ. ಪಠಣವನ್ನು ಆಲಿಸಿದ ನಾಯಿಯ ಕಾಮವೂ ಅದರೊಳಗೆ ಸೇರಿದ್ದ ತಮಾಜುಸಾಳ ದ್ವೇಷವೂ ಶಮನಗೊಳ್ಳುತ್ತವೆ. ಯಾವ ದೇಹಸಂಬಂಧವೂ ಇಲ್ಲದೆಯೇ, ನಾಯಿಯ ‘ಕಿ’ ಎಂಬ ಪ್ರಾಣಶಕ್ತಿಯ ಸ್ಪರ್ಶದಿಂದ ಫುಸೆಹಿಮೆ ಗರ್ಭ ಧರಿಸುತ್ತಾಳೆ. ಆಕೆಯನ್ನು ಬಿಡಿಸಲು ಬಂದ ಕನಾಮರಿ ದಾಯ್‌ಸುಕೆ ಹಾರಿಸಿದ ಗುಂಡು ನಾಯಿಯನ್ನು ಕೊಂದು ಆಕೆಯನ್ನೂ ಗಾಯಗೊಳಿಸುತ್ತದೆ. ಕೊನೆಗೆ ತನ್ನ ಪರಿಶುದ್ಧತೆಯನ್ನು ಸ್ಥಾಪಿಸಲು ಆಕೆ ತಾನೇ ತನ್ನ ಒಡಲನ್ನು ಸೀಳಿಕೊಳ್ಳುತ್ತಾಳೆ. ಆಗ ಆಕೆಯ ಕೊರಳಿನ 108 ಮಣಿಗಳ ಜಪಮಾಲೆಯಿಂದ ಎಂಟು ದೊಡ್ಡ ಮಣಿಗಳು ಎಂಟು ದಿಕ್ಕುಗಳಿಗೆ ಹಾರಿಹೋಗುತ್ತವೆ. ಅವುಗಳನ್ನು ಪಡೆದು ಬೇರೆ ಬೇರೆ ಮನೆಗಳಲ್ಲಿ ಜನಿಸಿದವರೇ ಎಂಟು ಯೋಧರು. ಅವರೆಲ್ಲರ ಮನೆತನದ ಹೆಸರಿನಲ್ಲಿ ನಾಯಿ ಎಂಬರ್ಥದ ‘ಇನು’ ಶಬ್ದವಿದೆ. ಮೈಮೇಲೆ ಆ ನಾಯಿಯ ಮಚ್ಚೆಯನ್ನು ಹೋಲುವ ಪಿಯೋನಿ ಹೂವಿನ ಗುರುತಿದೆ.

ಇಲ್ಲಿ ವಿಧಿಯು ಏಕಮುಖವಾದ ಶಕ್ತಿಯಾಗಿಲ್ಲವೆಂಬುದು ಸ್ಪಷ್ಟ. ಅದರಲ್ಲಿ ಮೂರು ಎಳೆಗಳಿವೆ. ಮೊದಲನೆಯದು ಮುರಿದ ಮಾತು. ಅದರ ಫಲ ಶಾಪ. ಎರಡನೆಯದು ಮನಸ್ಸಿಲ್ಲದೆ ಆಡಿದ ಮಾತು. ಅದರ ಫಲ ಬಂಧನ. ಮೂರನೆಯದು ಉಳಿಸಿಕೊಂಡ ಮಾತು. ಅದರ ಫಲ ಬಿಡುಗಡೆ. ತಂದೆ ಎರಡು ಬಾರಿ ಹಗುರಗೊಳಿಸಿದ ನುಡಿಗೆ ಮಗಳು ತನ್ನ ಜೀವವನ್ನೇ ತೆತ್ತು ತೂಕ ತಂದುಕೊಡುತ್ತಾಳೆ. ಶಾಪದ ಪ್ರಕಾರ ಸಂತತಿ ‘ನಾಯಿ’ಗಳಾಗುವುದು ತಪ್ಪುವುದಿಲ್ಲ, ಆದರೆ ಆ ನಾಯಿಗಳು ವಂಶವನ್ನು ಅಳಿಸುವವರಾಗದೆ ಉಳಿಸುವವರಾಗುತ್ತಾರೆ. ಶಾಪದ ಅಕ್ಷರ ಉಳಿದು ಅರ್ಥ ಬದಲಾಗುವ ಈ ಬಗೆಯೇ ಕೃತಿಯ ಕೇಂದ್ರ ತತ್ತ್ವ.

೪. ಲಿಪಿಯಲ್ಲಿ ಅಡಗಿದ ವಿಧಿ

ಬಾಕಿನ್‌ನ ಕಥನದಲ್ಲಿ ವಿಧಿಯು ಘಟನೆಗಳಲ್ಲಿ ಮಾತ್ರವಲ್ಲದೆ ಲಿಪಿಯಲ್ಲಿಯೂ ನೆಲೆಸಿದೆ. ಹೆಸರು ವಸ್ತುವಿನ ಸ್ವರೂಪವನ್ನೇ ಪ್ರಕಟಿಸುತ್ತದೆಂಬ ಬೌದ್ಧ ಮೂಲದ ಒಂದು ಸೂತ್ರವನ್ನು ಈ ಲೇಖಕ ಮತ್ತೆ ಮತ್ತೆ ಪ್ರಯೋಗಿಸುತ್ತಾನೆ. ಭಾರತೀಯ ಪರಂಪರೆಯ ‘ಅನ್ವರ್ಥನಾಮ’ದ ಕಲ್ಪನೆಗೆ ಇದು ಸಮೀಪವಾದುದು, ಆದರೆ ಇಲ್ಲಿ ಅರ್ಥ ಹೊಮ್ಮುವುದು ಧ್ವನಿಯಿಂದಲ್ಲ, ಬರವಣಿಗೆಯ ಆಕೃತಿಯಿಂದ.

ಫುಸೆಹಿಮೆಗೆ ಆ ಹೆಸರು ಬಂದದ್ದು ಆಕೆ ಬೇಸಿಗೆಯ ಅತ್ಯುಷ್ಣ ದಿನಗಳಲ್ಲಿ ಹುಟ್ಟಿದ ಕಾರಣದಿಂದ. ಆದರೆ ‘ಫುಸೆ’ ಎಂಬುದನ್ನು ಬರೆಯುವ ಚಿಹ್ನೆಯ ಎಡಭಾಗದಲ್ಲಿ ಮನುಷ್ಯನನ್ನೂ ಬಲಭಾಗದಲ್ಲಿ ನಾಯಿಯನ್ನೂ ಸೂಚಿಸುವ ರೂಪಗಳಿವೆ. ಮನುಷ್ಯಳು ನಾಯಿಯ ಪಕ್ಕದಲ್ಲಿ ಬದುಕಬೇಕಾದ ಭವಿಷ್ಯ ಹೆಸರಿಟ್ಟ ದಿನವೇ ಬರೆಯಲ್ಪಟ್ಟಿತ್ತು. ಓದುವ ಕಣ್ಣುಗಳು ಮಾತ್ರ ಇರಲಿಲ್ಲ. ಹಾಗೆಯೇ ದಾಯ್‌ಸುಕೆಯು ಸನ್ಯಾಸಿಯಾದಾಗ ‘ಚುದಾಯ್’ ಎಂಬ ಹೆಸರು ಪಡೆಯುತ್ತಾನೆ. ‘ನಾಯಿ’ ಎಂಬ ಚಿಹ್ನೆಯನ್ನು ಒಡೆದರೆ ದೊರೆಯುವ ಒಂದು ಚುಕ್ಕೆ ಮತ್ತು ‘ದೊಡ್ಡದು’ ಎಂಬರ್ಥದ ಚಿಹ್ನೆ, ಇವೆರಡರಿಂದಲೇ ಈ ಹೆಸರು ರೂಪುಗೊಂಡಿದೆ. ನಾಯಿಯನ್ನು ಕೊಂದವನು ನಾಯಿಯ ಅಕ್ಷರವನ್ನೇ ಒಡೆದು ಹೊತ್ತು, ಹಾರಿಹೋದ ಎಂಟು ಮಣಿಗಳನ್ನು ಅರಸುತ್ತ ನಾಡೆಲ್ಲ ಅಲೆಯುತ್ತಾನೆ.

ಮಣಿಗಳ ಮೇಲಿನ ಅಕ್ಷರಗಳೂ ಹೀಗೆಯೇ. ಮೊದಲು ಅವುಗಳಲ್ಲಿ ಎಂಟು ಸದ್ಗುಣಗಳ ಹೆಸರುಗಳು ಇರುತ್ತವೆ. ಯಾತ್ಸುಫುಸಾನ ಪ್ರಸಂಗ ಎದುರಾದಾಗ ಅವು ಅಳಿಸಿಹೋಗಿ, ಪಶುವಿನಲ್ಲಿಯೂ ಬೋಧಿಚಿತ್ತ ಉದಯಿಸುವುದೆಂಬರ್ಥದ ಎಂಟು ಅಕ್ಷರಗಳು ಮೂಡುತ್ತವೆ. ಶಾಪ ಶಮನಗೊಂಡ ಮೇಲೆ ಸದ್ಗುಣಗಳ ಹೆಸರುಗಳು ಮರಳಿ ಬರುತ್ತವೆ. ಕನ್‌ಫ್ಯೂಷಿಯಸ್ ಪರಂಪರೆಯ ನೀತಿಸಂಹಿತೆ ಮತ್ತು ಬೌದ್ಧರ ಮೋಕ್ಷಚಿಂತನೆ ಒಂದೇ ಮಣಿಯ ಮೇಲೆ ಸರದಿಯಾಗಿ ಕಾಣಿಸಿಕೊಳ್ಳುವ ಈ ಕಲ್ಪನೆಯು ಅಂದಿನ ಜಪಾನಿನ ಚಿಂತನಾಲೋಕದ ಸಂಕ್ಷಿಪ್ತ ರೂಪದಂತಿದೆ.

ಪುಟದ ಮೇಲೆ ಕಣ್ಣಿಗೆ ಕಾಣುವ ಈ ಲಿಪಿಕ್ರೀಡೆಯ ಬಹುಪಾಲು, ಕಿವಿಗೆ ಬೀಳುವ ಸಂಭಾಷಣೆಯಲ್ಲಿ ಕರಗಿಹೋಗುವುದು ಸಹಜ. ಆದರೆ ಮಣಿಯ ಮೇಲೆ ಹೊಳೆಯುವ ಅಕ್ಷರ ಮಾತ್ರ ದೃಶ್ಯವಾಗಿಯೇ ಉಳಿಯಬಲ್ಲದು. ಮಾಧ್ಯಮಾಂತರದಲ್ಲಿ ನಷ್ಟವಾಗುವುದಾವುದು, ಉಳಿಯುವುದಾವುದು ಎಂಬುದಕ್ಕೆ ಇದೊಂದು ಉತ್ತಮ ನಿದರ್ಶನ.

೫. ಎಂಟು ಗುಣಗಳು, ಎಂಟು ಬದುಕುಗಳು

ಎಂಟು ಯೋಧರು ಮತ್ತು ಅವರ ಮಣಿಗಳ ಗುಣಗಳನ್ನು ಹೀಗೆ ಗುರುತಿಸಬಹುದು: ಇನುಜುಕಾ ಶಿನೊ – ಮಾತಾಪಿತೃಭಕ್ತಿ, ಇನುಕಾವಾ ಸೋಸುಕೆ – ಕರ್ತವ್ಯನಿಷ್ಠೆ, ಇನುಯಾಮಾ ದೋಸೆತ್ಸು – ಸ್ವಾಮಿಭಕ್ತಿ, ಇನುಕಾಯ್ ಗೆನ್‌ಪಾಚಿ – ವಿಶ್ವಾಸ, ಇನುತಾ ಕೊಬುಂಗೊ – ಭ್ರಾತೃಭಾವ, ಇನುಎ ಶಿನ್ಬೇಯ್ – ಕರುಣೆ, ಇನುಸಾಕಾ ಕೆನೊ – ವಿವೇಕ, ಇನುಮುರಾ ದಾಯ್‌ಕಾಕು – ಸದಾಚಾರ.

ಈ ಪಟ್ಟಿಯನ್ನಷ್ಟೇ ನೋಡಿದರೆ ಕೃತಿಯು ನೀತಿರೂಪಕವೆಂಬ ಭಾವನೆ ಮೂಡುತ್ತದೆ. ಆದರೆ ಕಥೆಯ ಒಳಹೊಕ್ಕು ನೋಡಿದಾಗ, ಪ್ರತಿಯೊಬ್ಬನೂ ತನ್ನ ಗುಣದ ಕಾರಣದಿಂದಲೇ ಇಕ್ಕಟ್ಟಿಗೆ ಸಿಲುಕುವುದು ಕಾಣುತ್ತದೆ. ಶಿನೊನ ಅಣ್ಣಂದಿರು ಎಳೆವೆಯಲ್ಲಿಯೇ ತೀರಿಕೊಂಡಿದ್ದರಿಂದ ತಾಯಿತಂದೆಯರು ಆತನನ್ನು ಹೆಣ್ಣುಮಗುವಿನ ವೇಷದಲ್ಲಿ ಬೆಳೆಸುತ್ತಾರೆ. ತಂದೆಯ ಸಾವಿನ ತರುವಾಯ ‘ಮುರಾಸಾಮೆ’ ಎಂಬ ಖಡ್ಗವನ್ನು ಅದರ ನಿಜವಾದ ಒಡೆಯನಿಗೆ ತಲುಪಿಸುವುದೇ ಆತನ ಬದುಕಿನ ಗುರಿ. ಒರೆಯಿಂದ ಹಿರಿದಾಗ ಇಬ್ಬನಿಯನ್ನು ಸೂಸಿ ರಕ್ತವನ್ನು ತೊಳೆಯುವ ಖಡ್ಗವದು. ಅದನ್ನು ವಂಚಕರು ಬದಲಿಸಿದ್ದು ತಿಳಿಯದೆ ಶಿನೊ ಕೊಗಾ ಕೋಟೆಗೆ ಹೋಗಿ ಗೂಢಚಾರನೆಂಬ ಆರೋಪಕ್ಕೆ ಗುರಿಯಾಗುತ್ತಾನೆ.

ಆತನನ್ನು ಹಿಡಿಯಲು ನಿಯುಕ್ತನಾಗುವವನು ಗೆನ್‌ಪಾಚಿ. ಕಾರಾಗೃಹದ ಅಧಿಕಾರವನ್ನು ನಿರಾಕರಿಸಿದ್ದಕ್ಕಾಗಿ ಸ್ವತಃ ಸೆರೆಯಲ್ಲಿದ್ದವನು ಈತ. ಹೋರ್ಯೂಕಾಕು ಎಂಬ ಎತ್ತರದ ಕಟ್ಟಡದ ಮಾಡಿನ ಮೇಲೆ ಇಬ್ಬರಿಗೂ ಘೋರ ಕಾಳಗ ನಡೆದು, ಇಬ್ಬರೂ ಜಾರಿ ಕೆಳಗಿನ ನದಿಯ ದೋಣಿಗೆ ಬೀಳುತ್ತಾರೆ. ಶಿನೊನ ನೆರೆಯವನೊಬ್ಬ ಸಾಯುವ ಮುನ್ನ, ಕೆನ್ನೆಯ ಮೇಲೆ ಮಚ್ಚೆಯಿರುವ ತನ್ನ ಮಗನನ್ನು ಹುಡುಕಿಕೊಡೆಂದು ಶಿನೊನನ್ನು ಬೇಡಿಕೊಂಡಿದ್ದ. ಆ ಮಗನೇ ಗೆನ್‌ಪಾಚಿ. ಹುಡುಕಬೇಕಾದವನನ್ನೇ ಕೊಲ್ಲಲು ಹೊರಟ ಈ ಸನ್ನಿವೇಶವು ಜಪಾನಿನ ಮರದಚ್ಚಿನ ಚಿತ್ರಕಾರರಿಗೆ ಪ್ರಿಯವಾದ ವಸ್ತು. ಯೋಶಿತೋಶಿ 1885ರಲ್ಲಿ ರಚಿಸಿದ ಚಿತ್ರ ಇವುಗಳಲ್ಲಿ ಸುಪ್ರಸಿದ್ಧವಾದುದು. ಅನಿಮೆಯಲ್ಲಿಯೂ ಈ ಕಾಳಗಕ್ಕೆ ಪ್ರಮುಖ ಸ್ಥಾನ ದೊರೆತಿದೆ. ವಿಧಿಯು ಇಬ್ಬರನ್ನು ಕೂಡಿಸುವ ಮಾರ್ಗ ಸ್ನೇಹದ ಮಾರ್ಗವೇ ಆಗಿರಬೇಕಿಲ್ಲ, ವೈರವೂ ಅದಕ್ಕೆ ಸಾಧನವೇ ಎಂಬುದನ್ನು ಈ ಪ್ರಸಂಗ ಸೂಚಿಸುತ್ತದೆ.

೬. ಶೋಯೊನ ಆಕ್ಷೇಪ ಮತ್ತು ಅನಿಮೆಯ ಉತ್ತರ

ಜಪಾನಿನ ಆಧುನಿಕ ಸಾಹಿತ್ಯ ವಿಮರ್ಶೆಯ ಆರಂಭಬಿಂದುವೆಂದು ಪರಿಗಣಿತವಾದ ಕೃತಿ ತ್ಸುಬೊಉಚಿ ಶೋಯೊನ ‘ಶೋಸೆತ್ಸು ಶಿನ್‌ಜುಯ್’ (1885-86). ಕಾದಂಬರಿಯ ಜೀವಾಳ ಮಾನವ ಭಾವನೆಗಳ ಯಥಾರ್ಥ ಚಿತ್ರಣವೆಂದು ಸಾರಿದ ಶೋಯೊ, ಅದಕ್ಕೆ ವಿರುದ್ಧವಾದ ಮಾದರಿಯಾಗಿ ಹೆಸರಿಸಿದ್ದು ಬಾಕಿನ್‌ನ ಎಂಟು ಯೋಧರನ್ನೇ. ಅವರು ಸದ್ಗುಣಗಳಿಗೆ ಆಕಾರ ಕೊಟ್ಟ ಗೊಂಬೆಗಳೇ ಹೊರತು ಆಸೆ, ಅಳುಕು, ಸಂಶಯಗಳುಳ್ಳ ಮನುಷ್ಯರಲ್ಲ ಎಂಬುದು ಆತನ ಆಕ್ಷೇಪದ ತಾತ್ಪರ್ಯ. ಈ ಮಾತಿನಿಂದ ಬಾಕಿನ್‌ನ ಪ್ರತಿಷ್ಠೆ ಪಂಡಿತವಲಯದಲ್ಲಿ ಬಹುಕಾಲ ಕುಗ್ಗಿತು. ಜನಮನದಲ್ಲಿ ಮಾತ್ರ ಎಂಟು ಯೋಧರ ಕಥೆ ಕಬುಕಿ ರಂಗಭೂಮಿಯ ಮೂಲಕ ಉಳಿದುಬಂದಿತು. 1973ರಿಂದ 1975ರವರೆಗೆ ಎನ್.ಎಚ್.ಕೆ. ಪ್ರಸಾರ ಮಾಡಿದ ಬೊಂಬೆಯಾಟದ ಸರಣಿ ಮತ್ತು 1983ರಲ್ಲಿ ಕಿಂಜಿ ಫುಕಾಸಾಕು ನಿರ್ದೇಶಿಸಿದ ಚಲನಚಿತ್ರ ಅದನ್ನು ಹೊಸ ತಲೆಮಾರಿಗೆ ತಲುಪಿಸಿದವು.

ಈ ಹಿನ್ನೆಲೆಯಲ್ಲಿ 1990ರ ಅನಿಮೆಯನ್ನು ಶೋಯೊನ ಆಕ್ಷೇಪಕ್ಕೆ ನೂರು ವರ್ಷಗಳ ತರುವಾಯ ದೊರೆತ ಒಂದು ಉತ್ತರವೆಂದು ಭಾವಿಸಬಹುದು. ತಕಾಶಿ ಅನ್ನೊ ನಿರ್ದೇಶಿಸಿದ ಆರಂಭದ ಕಂತುಗಳಲ್ಲಿ ವಿಧಿಯು ಸಾಂತ್ವನ ನೀಡುವ ಶಕ್ತಿಯಾಗಿರದೆ ಭಯ ಹುಟ್ಟಿಸುವ ಶಕ್ತಿಯಾಗಿದೆ. ಫುಸೆಹಿಮೆಯ ದೀರ್ಘ ವೃತ್ತಾಂತವನ್ನು ಮೊದಲ ಕಂತಿನಲ್ಲಿಯೇ ಕನಸಿನ ತುಣುಕುಗಳಂತೆ ಸಂಕ್ಷೇಪಿಸಿ, ಶಿನೊನ ಬದುಕಿನತ್ತ ಕಥೆ ಹೊರಳುತ್ತದೆ. ವೀಕ್ಷಕನಿಗೆ ಪೂರ್ವಕಥೆ ಅಸ್ಪಷ್ಟವಾಗಿ ಉಳಿಯುವಂತೆ ಯೋಧರಿಗೂ ಅದು ಅಸ್ಪಷ್ಟ. ತಾವು ಯಾರು, ಮೈಮೇಲಿನ ಗುರುತು ಏಕೆ, ಕೈಯಲ್ಲಿರುವ ಮಣಿ ಎಲ್ಲಿಂದ ಬಂದಿತು ಎಂಬುದು ತಿಳಿಯದೆಯೇ ಅವರು ಕೊಲ್ಲಬೇಕು, ಓಡಬೇಕು, ಸಾವನ್ನು ನೋಡಬೇಕು. ಸದ್ಗುಣವು ಇಲ್ಲಿ ಹುಟ್ಟಿನಿಂದ ಬಂದ ಸಂಪತ್ತಾಗಿರದೆ, ಪ್ರತಿಸಲವೂ ನಷ್ಟದ ಮೂಲಕ ಗಳಿಸಬೇಕಾದುದಾಗಿದೆ.

ಎರಡನೆಯ ಭಾಗದಲ್ಲಿ ಶಿನ್ಯಾ ಓಹಿರಾ ನಿರ್ದೇಶಿಸಿದ, ಹಮಾಜಿಯ ಪುನರಾಗಮನವನ್ನು ಕುರಿತ 1994ರ ಕಂತು ಅನಿಮೆಯ ಇತಿಹಾಸದಲ್ಲಿಯೇ ವಿಶೇಷ ಚರ್ಚೆಗೆ ಒಳಗಾದುದು. ಹಮಾಜಿಯು ಶಿನೊನಿಗೆ ನಿಶ್ಚಯವಾಗಿದ್ದ ಹುಡುಗಿ. ಆತನನ್ನು ಅಗಲಲಾರದೆ ಸಂಕಟಪಟ್ಟು, ಖಡ್ಗವನ್ನು ಕದ್ದ ವಂಚಕನ ಕೈಯಲ್ಲಿ ಹತಳಾದವಳು. ಮುಂದೆ ಕಾಯ್ ಪ್ರಾಂತದ ಗ್ರಾಮಪ್ರಮುಖನೊಬ್ಬನ ಮನೆಯಲ್ಲಿ ಅದೇ ಹೆಸರಿನ ಸಾಕುಮಗಳು ಶಿನೊನಿಗೆ ಎದುರಾಗುತ್ತಾಳೆ. ಸತ್ತ ಹಮಾಜಿಯ ಆತ್ಮ ಆಕೆಯ ಮೈದುಂಬಿ ಮಾತನಾಡುತ್ತದೆ. ಈ ಕಂತಿನಲ್ಲಿ ಹಿಂದಿನ ಕಂತುಗಳ ಸುಂದರ ಮುಖಗಳು ಮಾಯವಾಗಿವೆ. ಒರಟಾದ ರೇಖೆಗಳು, ಸಾಮಾನ್ಯ ಜನರ ಮುಖಚರ್ಯೆ, ತಡವರಿಸುವ ನಡೆ, ದೇಹದ ಭಾರವನ್ನು ಅನುಭವಕ್ಕೆ ತರುವ ಚಲನೆ – ಇವುಗಳಿಂದ ಪಾತ್ರಗಳು ಗುರುತು ಸಿಗದಷ್ಟು ಬದಲಾಗಿವೆ. ಶೈಲಿಯ ಏಕರೂಪತೆಯನ್ನು ಅಪೇಕ್ಷಿಸುವವರಿಗೆ ಇದು ದೋಷವಾಗಿ ತೋರಬಹುದು. ಆದರೆ ವೀರರ ಮುಖದಿಂದ ವೀರತ್ವದ ಬಣ್ಣವನ್ನು ತೊಳೆದಾಗ ಉಳಿಯುವುದು, ಪ್ರೀತಿಸಿದವಳನ್ನು ಉಳಿಸಿಕೊಳ್ಳಲಾಗದ ಒಬ್ಬ ತರುಣ. ಶೋಯೊ ಕೇಳಿದ ‘ಮನುಷ್ಯ’ ಇವನೇ.

ಪ್ರಸಾರದ ದೃಷ್ಟಿಯಿಂದಲೂ ಎರಡು ಕೃತಿಗಳ ನಡುವೆ ಸಾಮ್ಯವಿದೆ. ಬಾಕಿನ್‌ನ ಹೊತ್ತಗೆಗಳು ಬೆಲೆಯುಳ್ಳವಾದ್ದರಿಂದ ಹೆಚ್ಚಿನ ಓದುಗರು ಅವುಗಳನ್ನು ಬಾಡಿಗೆ ಪುಸ್ತಕದಂಗಡಿಗಳಿಂದ ಪಡೆದು, ಮುಂದಿನ ಸಂಪುಟಕ್ಕಾಗಿ ಕಾಯುತ್ತಿದ್ದರು. ಅನಿಮೆಯ ಕ್ಯಾಸೆಟ್‌ಗಳೂ ಬಾಡಿಗೆಯ ಅಂಗಡಿಗಳ ಮೂಲಕ, ತಿಂಗಳುಗಳ ಅಂತರದಲ್ಲಿ, ಕಂತುಕಂತಾಗಿ ವೀಕ್ಷಕರನ್ನು ತಲುಪಿದವು. ಕಾಯುವಿಕೆಯೂ ಈ ಕಥೆಯ ಗ್ರಹಿಕೆಯ ಒಂದು ಅಂಗವೇ ಆಗಿತ್ತು.

೭. ವಿಧಿಯ ಬೆಲೆ ತೆತ್ತವರು

ಯೋಧರು ಒಂದುಗೂಡುವ ಪ್ರತಿಯೊಂದು ಘಟ್ಟದಲ್ಲಿಯೂ ಒಬ್ಬ ಸ್ತ್ರೀಯ ಸಾವು ಅಡಗಿರುವುದನ್ನು ಅಲಕ್ಷಿಸುವಂತಿಲ್ಲ. ಮಣಿಗಳು ಚಿಮ್ಮುವುದು ಫುಸೆಹಿಮೆಯ ಸಾವಿನಿಂದ. ಹಮಾಜಿಯ ಸಾವಿನ ಸ್ಥಳದಲ್ಲಿ ದೋಸೆತ್ಸು ಪ್ರಕಟವಾಗುತ್ತಾನೆ. ಆತ ಆಕೆಯ ಮಲಸಹೋದರ. ಕೊಬುಂಗೊನ ತಂಗಿ ನುಯ್ ಮತ್ತು ಆಕೆಯ ಗಂಡ ಫುಸಾಹಾಚಿಯ ರಕ್ತವು ಮರಣಶಯ್ಯೆಯಲ್ಲಿದ್ದ ಶಿನೊನಿಗೆ ಔಷಧವಾಗುತ್ತದೆ. ಹುಟ್ಟಿದಾಗಿನಿಂದ ಮುಷ್ಟಿ ಬಿಚ್ಚದ ಅವರ ಎಳೆಯ ಮಗನ ಕೈ ತೆರೆದು ‘ಕರುಣೆ’ಯ ಮಣಿ ಕಾಣಿಸುತ್ತದೆ, ಅವನೇ ಶಿನ್ಬೇಯ್. ಕರುಣೆಯ ಪ್ರತಿನಿಧಿಯಾದ ಮಗು ತಾಯಿತಂದೆಯರ ರಕ್ತದ ನಡುವೆ ಗುರುತಿಸಲ್ಪಡುವ ಈ ವ್ಯಂಗ್ಯ ತೀಕ್ಷ್ಣವಾದುದು.

ದಾಯ್‌ಕಾಕುವಿನ ಹೆಂಡತಿ ಹಿನಾಗಿನುವಿನ ಕಥೆ ಇನ್ನೂ ದಾರುಣ. ಅರಿಯದೆ ಮಣಿಯನ್ನು ನುಂಗಿದ್ದರಿಂದ ಆಕೆಯ ಒಡಲು ಬೆಳೆದು, ಪರಪುರುಷನಿಂದ ಗರ್ಭಿಣಿಯಾದಳೆಂಬ ಅಪವಾದಕ್ಕೆ ಗುರಿಯಾಗುತ್ತಾಳೆ. ಇತ್ತ ದಾಯ್‌ಕಾಕುವಿನ ತಂದೆಯನ್ನು ಕೊಂದ ಬೆಕ್ಕಿನ ಪಿಶಾಚಿಯೊಂದು ಅವನದೇ ರೂಪ ಧರಿಸಿ, ಪಿತೃವಾಕ್ಯದ ಬಲದಿಂದ ಆಕೆಯ ಒಡಲನ್ನು ಕೇಳುತ್ತದೆ. ಹಿನಾಗಿನು ತಾನೇ ಒಡಲಿಗೆ ಕತ್ತಿಯಿಕ್ಕಿಕೊಂಡಾಗ ಚಿಮ್ಮಿದ ಮಣಿ ಪಿಶಾಚಿಗೆ ಬಡಿಯುತ್ತದೆ. ಫುಸೆಹಿಮೆಯ ಸಾವಿನ ಮರುಕಳಿಕೆ ಇಲ್ಲಿ ಸ್ಪಷ್ಟ: ಶೀಲದ ಸಾಕ್ಷ್ಯಕ್ಕಾಗಿ ಎರಡು ಬಾರಿಯೂ ಸ್ತ್ರೀಯ ದೇಹವನ್ನು ತೆರೆಯಬೇಕಾಗುತ್ತದೆ. ‘ಸದಾಚಾರ’ದ ಮಣಿ ಹೊತ್ತ ಗಂಡನು ವಂಚಕ ತಂದೆಯ ಮಾತಿಗೆ ಕಟ್ಟುಬಿದ್ದು ನಿಸ್ಸಹಾಯಕನಾಗುವ ಈ ಪ್ರಸಂಗವು ಸದ್ಗುಣ ಮತ್ತು ನ್ಯಾಯ ಸದಾ ಒಂದೇ ಅಲ್ಲವೆಂಬ ಸತ್ಯವನ್ನು ಮುಂದಿಡುತ್ತದೆ. ಬಾಕಿನ್ ಇದನ್ನು ತ್ಯಾಗವೆಂದು ಗೌರವಿಸಿದರೆ, ಅನಿಮೆಯಲ್ಲಿ ಇದು ಸಾಂತ್ವನವಿಲ್ಲದ ಗಾಯವಾಗಿ ಕಾಣುತ್ತದೆ.

೮. ಕನ್ನಡ ಕಥನಪರಂಪರೆಯ ಬೆಳಕಿನಲ್ಲಿ

ಜಪಾನಿ ಭಾಷೆಯಲ್ಲಿ ಈ ಬಗೆಯ ಪೂರ್ವಸಂಬಂಧಕ್ಕೆ ‘ಇನ್ನೆನ್’ ಎಂಬ ಪದವಿದೆ. ಅದು ಸಂಸ್ಕೃತದ ‘ಹೇತು-ಪ್ರತ್ಯಯ’ ಎಂಬ ಬೌದ್ಧ ಪಾರಿಭಾಷಿಕದ ಚೀನೀ ಅನುವಾದದಿಂದ ಬಂದುದು. ಕನ್ನಡದ ‘ಋಣಾನುಬಂಧ’ ಪದಕ್ಕೆ ಇದು ತೀರ ಹತ್ತಿರ. ಕರ್ಮಸಿದ್ಧಾಂತವು ಬೌದ್ಧಧರ್ಮದೊಡನೆ ಪೂರ್ವಕ್ಕೆ ಪಯಣಿಸಿದ್ದರಿಂದ ಈ ಸಾಮ್ಯ ಆಕಸ್ಮಿಕವಲ್ಲ. ಆದರೆ ಕೃತಿಗಳ ನಡುವೆ ನೇರ ಪ್ರಭಾವವನ್ನು ಊಹಿಸುವ ಅಗತ್ಯವೂ ಇಲ್ಲ.

ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರ, ಚಂದ್ರಮತಿಯರು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಅಲ್ಲಿ ಕೃತ್ಯವಿಲ್ಲದೆ ಸಂಕಲ್ಪ ಮಾತ್ರವಿದೆ. ‘ಹಕ್ಕೆಂದೆನ್’ನಲ್ಲಿ ಸಂಕಲ್ಪವಿಲ್ಲದೆ ನುಡಿ ಮಾತ್ರವಿದೆ. ಎರಡರಲ್ಲಿಯೂ ‘ಅದು ನಿಜವಲ್ಲ’ ಎಂಬ ಸಮಾಧಾನ ಕೆಲಸಕ್ಕೆ ಬರುವುದಿಲ್ಲ. ಜೈನ ಕವಿಗೆ ಮನಸ್ಸು ಬಂಧನದ ಮೂಲವಾದರೆ, ಬಾಕಿನ್‌ಗೆ ಮಾತು ಬಂಧನದ ಮೂಲ. ಇನ್ನು ಕನ್ನಡದ ‘ಗೋವಿನ ಹಾಡು’ ಫುಸೆಹಿಮೆಯ ಪ್ರಸಂಗಕ್ಕೆ ಇನ್ನಷ್ಟು ಸಮೀಪವಾಗಿದೆ. ಹಸು ಪುಣ್ಯಕೋಟಿಯು ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಾಗ ಹುಲಿಯ ಮನಸ್ಸು ಕರಗುವಂತೆ, ರಾಜಕುಮಾರಿಯು ನಾಯಿಗೆ ಕೊಟ್ಟ ಮಾತನ್ನು ಉಳಿಸಿದಾಗ ನಾಯಿಯಲ್ಲಿ ಬೋಧಿಚಿತ್ತ ಮೂಡುತ್ತದೆ. ಆದರೆ ಒಂದು ವ್ಯತ್ಯಾಸ ಮುಖ್ಯವಾದುದು. ಪುಣ್ಯಕೋಟಿ ಪಾಲಿಸುವುದು ತನ್ನದೇ ಮಾತನ್ನು. ಫುಸೆಹಿಮೆ ಪಾಲಿಸುವುದು ತಂದೆಯ ಮಾತನ್ನು. ಸತ್ಯಕ್ಕೆ ಮಣಿದು ಪುಣ್ಯಕೋಟಿಯ ಕಥೆಯಲ್ಲಿ ಹುಲಿ ಸಾಯುತ್ತದೆ, ಹಸು ಮನೆಗೆ ಮರಳುತ್ತದೆ. ಫುಸೆಹಿಮೆ ಮರಳುವುದಿಲ್ಲ.

೯. ಸಮಾರೋಪ

ಮೂಲಕೃತಿಯ ಅಂತ್ಯದಲ್ಲಿ ಎಂಟು ಯೋಧರು ಸಾತೊಮಿ ವಂಶದ ಪರವಾಗಿ ಮಹಾಯುದ್ಧವನ್ನು ಗೆದ್ದು, ಆ ವಂಶದ ಎಂಟು ರಾಜಕುಮಾರಿಯರನ್ನು ವರಿಸುತ್ತಾರೆ. ಕಾಲ ಕಳೆದಂತೆ ಮೈಮೇಲಿನ ಗುರುತುಗಳು ಮಾಸುತ್ತವೆ. ಮಣಿಗಳ ಅಕ್ಷರಗಳು ಅಳಿಸಿಹೋಗುತ್ತವೆ. ಆ ಮಣಿಗಳು ಅವಾ ಪ್ರಾಂತದ ನಾಲ್ಕು ಮೂಲೆಗಳನ್ನು ಕಾಯುವ ನಾಲ್ವರು ದಿಕ್ಪಾಲಕರ ವಿಗ್ರಹಗಳಿಗೆ ಕಣ್ಣುಗಳಾಗುತ್ತವೆ. ಯೋಧರು ಬೆಟ್ಟವೇರಿ ಮರೆಯಾಗುತ್ತಾರೆ. ವಿಧಿಯೂ ಒಂದು ಸಾಲದಂತೆ: ತೀರಿದ ಮೇಲೆ ಅದರ ಪತ್ರದಲ್ಲಿ ಅಕ್ಷರಗಳು ಉಳಿಯಬೇಕಾಗಿಲ್ಲ.

ಕಥೆಯ ಆಕರ್ಷಣೆ ಮಾತ್ರ ಇನ್ನೂ ತೀರಿಲ್ಲ. 2013ರಲ್ಲಿ ಇದೇ ವಸ್ತುವಿನಿಂದ ಪ್ರೇರಿತವಾದ ಮತ್ತೊಂದು ಅನಿಮೆ ಸರಣಿ ಪ್ರಸಾರವಾಯಿತು. 2024ರಲ್ಲಿ ಬಾಕಿನ್‌ನ ಬದುಕು ಮತ್ತು ಆತನ ಕಥೆ ಎರಡನ್ನೂ ಹೆಣೆದ ಚಲನಚಿತ್ರ ಜಪಾನಿನಲ್ಲಿ ತೆರೆಕಂಡಿತು. ಈ ಸುದೀರ್ಘ ಪರಂಪರೆಯಲ್ಲಿ 1990ರ ದಶಕದ ಸರಣಿಯ ಮಹತ್ತ್ವವಿರುವುದು ಅದು ಎತ್ತಿದ ಸಂಶಯದಲ್ಲಿ. ವಿಧಿಯಿಂದ ಕೂಡಿಬಂದವರೆಂಬ ಹೆಮ್ಮೆಯನ್ನು ಅದು ಯೋಧರಿಗೆ ಸುಲಭವಾಗಿ ಕೊಡುವುದಿಲ್ಲ. ಅವರನ್ನು ಕೂಡಿಸಿದ್ದು ಮಣಿಗಳಾದರೂ, ಆ ಮಣಿಗಳನ್ನು ಪೋಣಿಸಿದ ದಾರ ಇನ್ನೊಬ್ಬಳ ಕೊರಳಿನದು ಎಂಬ ಅರಿವನ್ನು ಅದು ಮರೆಯಗೊಡುವುದಿಲ್ಲ. ಅಂಧನಾದ ಬಾಕಿನ್ ಹೇಳುತ್ತಿದ್ದಾಗ ಒಂದೊಂದೇ ಅಕ್ಷರವನ್ನು ಕಲಿತ ಒಮಿಚಿ ಬರೆದು ಮುಗಿಸಿದ ಕೃತಿಯನ್ನು ಓದುವಾಗ ನೆನಪಿನಲ್ಲಿಡಬೇಕಾದ ಅರಿವೂ ಅದೇ.